ಊಟ ಆದಮೇಲೆ ನೋಡೋಣ

ಜುಲೈ ಮೂರನೆಯ ತಾರೀಕು ಬಂತೆಂದರೆ ಹಾರ್ಲನ್ಸ್ ಪಾಯಿಂಟ್‌ನ ಗಂಡಸರಿಗೆಲ್ಲ ಒಟ್ಟಿಗೇ ಗಡ್ಡದ ನೆನಪಾಗುತ್ತಿತ್ತು. ಮಾರನೆಯ ದಿನ ಅಮೆರಿಕದ ಸ್ವಾತಂತ್ರ್ಯೋತ್ಸವ, ಮುಖ ನುಣ್ಣಗಿರಬೇಕು. ಎನಾಕ್ ಡಾರ್ಸಿಯ ಕ್ಷೌರದಂಗಡಿಯ ಬೆಂಚು ಬೆಳಗಿನಿಂದ ಖಾಲಿಯಾಗಿರಲಿಲ್ಲ. ಕೊಲ್ಲಿಯ ಕಡೆಯಿಂದ ಬೀಸುವ ಗಾಳಿ ಕೂಡ ಅಂದು ಬಿಸಿ. ನೊರೆ ಕಲಸಿ ಕಲಸಿ ಎನಾಕನ ಮಣಿಕಟ್ಟು ನೋಯುತ್ತಿತ್ತು. ಅದಕ್ಕಿಂತ ಹೆಚ್ಚು ಕಿವಿ ನೋಯುತ್ತಿತ್ತು. ಕುರ್ಚಿಯಲ್ಲಿ ಕೂತವನೂ ಬೆಂಚಿನಲ್ಲಿ ಕಾದವನೂ ಒಂದೇ ಪಲ್ಲವಿ: ಸ್ವಾತಂತ್ರ್ಯ, ಸ್ವಾತಂತ್ರ್ಯ. ಇಂಗ್ಲೆಂಡಿನ ರಾಜನನ್ನು ಓಡಿಸಿ ಐವತ್ತು ವರ್ಷ ದಾಟಿದ್ದರೂ, ಅವನು ನಿನ್ನೆ ಸಂಜೆಯಷ್ಟೇ ಊರು ಬಿಟ್ಟು ಹೋದ ಹಾಗೆ ಬೈಯುತ್ತಿದ್ದರು.

ಎನಾಕ್ ಕರಿಯನಾದರೂ ಸ್ವತಂತ್ರ ಮನುಷ್ಯ. ಅವನ ತಾಯಿಯನ್ನು ಅವಳ ಒಡತಿ ಸಾಯುವ ಮೊದಲು ಬಿಡುಗಡೆ ಮಾಡಿದ್ದರಿಂದ ಅವನು ಯಾರ ಸೊತ್ತೂ ಆಗದೆ ಹುಟ್ಟಿದ್ದ. ಹೆಂಡತಿ ಟೆಂಪಿಯ ಹಣೆಬರಹ ಬೇರೆ. ಅವಳು ಕರ್ನಲ್ ಲಾಟಿಮರ್‌ನ ಮನೆಯ ಅಡುಗೆಯ ಆಳು. ಅವನ ಕುದುರೆ, ಅವನ ದೋಣಿ, ಅವನ ಗೋಧಿ ಹೊಲಗಳಂತೆಯೇ ಅವನ ಸೊತ್ತು. ಮೇರಿಲ್ಯಾಂಡಿನ ಕಾನೂನಿನಲ್ಲಿ ತಾಯಿ ಯಾರ ಸೊತ್ತೋ ಹುಟ್ಟುವ ಕೂಸೂ ಅವರದೇ. ತಂದೆ ಸ್ವತಂತ್ರನಾಗಿದ್ದರೆ ಅದು ತಂದೆಯ ಪುಣ್ಯ, ಅಷ್ಟೆ. ಟೆಂಪಿಗೆ ಈಗ ಎಂಟು ತಿಂಗಳು.

ಹನ್ನೊಂದರ ಹೊತ್ತಿಗೆ ಕರ್ನಲ್ ಬಂದ. ಬೆಂಚಿನವರು ಎದ್ದು ಜಾಗ ಕೊಟ್ಟರು. ಅವನೇ ಉತ್ಸವ ಸಮಿತಿಯ ಅಧ್ಯಕ್ಷ. ಪ್ರತಿ ವರ್ಷ ಸ್ವಾತಂತ್ರ್ಯದ ಘೋಷಣಾಪತ್ರವನ್ನು ಓದುವವನೂ ಅವನೇ. ಕುರ್ಚಿಯಲ್ಲಿ ಒರಗಿ, ಗಲ್ಲಕ್ಕೆ ನೊರೆ ಬೀಳುತ್ತಿದ್ದಂತೆ ಓದಿನ ತಾಲೀಮು ಶುರುಮಾಡಿದ. ಮನುಷ್ಯರೆಲ್ಲ ಸಮಾನರು ಎಂಬಲ್ಲಿ ಅವನ ಬಲಗೈ ತಾನಾಗಿಯೇ ಮೇಲೇಳುತ್ತಿತ್ತು, ಎನಾಕ್ ಪ್ರತಿ ಸಲವೂ ಕತ್ತಿಯನ್ನು ಹಿಂದಕ್ಕೆಳೆದುಕೊಳ್ಳಬೇಕಾಗುತ್ತಿತ್ತು.

"ಧಣಿ, ಕೈ ಕೆಳಗಿಡಿ. ಸಮಾನರು ಅಂತ ಬಾಯಲ್ಲಿ ಹೇಳಿ, ಸಾಕು. ಕೈಯಲ್ಲೂ ಹೇಳಿದ್ರೆ ಕಿವಿ ಹೋಗುತ್ತೆ."

ಬೆಂಚಿನವರು ನಕ್ಕರು. ಕರ್ನಲ್ ಕೂಡ ನಕ್ಕ. ಅವನು ಕೆಟ್ಟವನೆಂದು ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಆಳುಗಳ ಮೇಲೆ ಚಾಟಿ ಎತ್ತಿದವನಲ್ಲ. ಘೋಷಣೆ ಓದುವಾಗ ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಅದು ನಿಜವಾದ ನೀರೇ. ಎನಾಕನ ತಲೆ ಕೆಡಿಸಿದ್ದೇ ಅದು. ಕಳ್ಳನಾಗಿದ್ದರೆ ಕಳ್ಳ ಎಂದು ಬಿಟ್ಟುಬಿಡಬಹುದಿತ್ತು.

ಮೂರು ವರ್ಷದ ಹಿಂದೆ ಇವರ ಮದುವೆಗೆ ಒಪ್ಪಿಗೆ ಕೊಟ್ಟ ದಿನ ಕರ್ನಲ್ಲೇ ಬಾಯಿಬಿಟ್ಟು ಹೇಳಿದ್ದ: "ಬರೋ ಜುಲೈ ನಾಲ್ಕಕ್ಕೆ ಟೆಂಪಿನ ಬಿಟ್ಬಿಡ್ತೀನಿ ಕಣೋ. ಅದಕ್ಕಿಂತ ಒಳ್ಳೆ ದಿನ ಯಾವುದಿದೆ?" ಎನಾಕ್ ಕುಣಿದಾಡಿಕೊಂಡು ವಕೀಲನಿಂದ ಬಿಡುಗಡೆಯ ಪತ್ರ ಬರೆಸಿ ತಂದ. ಆ ವರ್ಷ ಗೋಧಿ ಕೈಕೊಟ್ಟಿತು, ಕರ್ನಲ್‌ಗೆ ಮನಸ್ಸು ಸರಿಯಿರಲಿಲ್ಲ. ಮರುವರ್ಷ ಸಾಕ್ಷಿ ಹಾಕಬೇಕಾದವರು ಊರಲ್ಲಿರಲಿಲ್ಲ. ಅದರ ಮರುವರ್ಷ ಪತ್ರವನ್ನು ಪೂರ್ತಿ ಓದಿ, "ಭಾಷೆ ಚೆನ್ನಾಗಿದೆ" ಎಂದು ಹೊಗಳಿ ಹಿಂದಕ್ಕೆ ಕೊಟ್ಟ. ದುಡ್ಡು ಕೊಡ್ತೀನಿ ಧಣಿ ಎಂದು ಕೇಳಿದರೆ ಅವಮಾನವಾದವನಂತೆ ಮುಖ ಗಂಟಿಕ್ಕಿದ: "ನಾನೇನು ಮನುಷ್ಯರನ್ನ ಮಾರೋ ವ್ಯಾಪಾರಿನಾ?" ದೆವ್ವ ಬರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಹಾಗೆ, ಪ್ರತಿ ವರ್ಷ ಅದೇ ಬಾಗಿಲು, ಅದೇ ಬರಹ.

"ಎನಾಕ್," ಕರ್ನಲ್ ಕಣ್ಣು ಮುಚ್ಚಿಕೊಂಡೇ ಹೇಳಿದ, "ನಾಳೆ ಬಾಲ್ಟಿಮೋರಿನಿಂದ ಪತ್ರಿಕೆಯವನೊಬ್ಬ ಬರ್ತಾನೆ. ಗುಲಾಮರನ್ನ ಇಟ್ಕೊಂಡಿದೀವಿ ಅಂತ ಉತ್ತರದವರು ನಮ್ಮ ಮೇಲೆ ಏನೇನೋ ಬರೀತಾರೆ. ನೀನು ವೇದಿಕೆ ಹತ್ತಿ ನಾಲ್ಕು ಮಾತಾಡು. ಈ ಊರಲ್ಲಿ ಸುಖವಾಗಿದೀನಿ, ದುಡಿದು ತಿಂತೀನಿ, ದೊರೆಗಳು ನಮ್ಮನ್ನ ಚೆನ್ನಾಗಿ ನೋಡ್ಕೋತಾರೆ ಅಂತ. ನಿನಗೆ ಮಾತು ಬರುತ್ತೆ."

"ಟೆಂಪಿ ಪತ್ರದ ವಿಷಯ, ಧಣಿ..."

"ಮತ್ತೆ ಅದೇನಾ!"

"ಮುಂದಿನ ತಿಂಗಳು ಹೆರಿಗೆ, ಧಣಿ. ಅಷ್ಟರೊಳಗೆ ಆಗದಿದ್ರೆ ಕೂಸು..."

"ಕೂಸು ನನ್ನ ಮನೇಲೇ ಬೆಳೆದ್ರೆ ಏನು ನಷ್ಟ? ಹಾಲಿಲ್ವಾ, ರೊಟ್ಟಿ ಇಲ್ವಾ? ನೋಡು, ನನಗೇನೂ ಅಡ್ಡಿಯಿಲ್ಲ. ನಮ್ಮ ಮನೆಯವಳದೇ ತೊಂದರೆ. ಟೆಂಪಿ ಹೋದ್ರೆ ಅಡುಗೆಮನೆ ಕುಸಿದುಬಿಡುತ್ತೆ ಅಂತಾಳೆ. ಹೆಂಗಸರ ಜೊತೆ ವಾದ ಮಾಡೋಕಾಗುತ್ತಾ? ಆದ್ರೂ ನೀನು ನಾಳೆ ಚೆನ್ನಾಗಿ ಮಾತಾಡಿದ್ರೆ ಸಹಿ ಹಾಕಿಬಿಡೋಣ. ಊಟ ಆದಮೇಲೆ ನೋಡೋಣ."

ಎನಾಕ್ ಅವನ ಕೆನ್ನೆಯ ನೊರೆಯನ್ನು ಒರೆಸಿದ. 'ನೋಡೋಣ' ಎಂಬ ಒಂದು ಶಬ್ದವನ್ನು ಈ ಭಾಷೆಯಿಂದಲೇ ಕಿತ್ತು ಹಾಕಬೇಕು ಅನ್ನಿಸಿತು ಅವನಿಗೆ.

ಸಂಜೆ ಅಂಗಡಿ ಮುಚ್ಚಿ ಲಾಟಿಮರ್ ಮನೆಯ ಹಿತ್ತಲಿಗೆ ಹೋದ. ದೊಡ್ಡ ಮನೆಯಿಂದ ಸ್ವಲ್ಪ ದೂರಕ್ಕೆ ಬೇರೆಯಾಗಿ ಕಟ್ಟಿದ ಅಡುಗೆಮನೆ, ಅದರಾಚೆಗೆ ಉತ್ಸವದ ಹುಲ್ಲುಮೈದಾನ. ಅಲ್ಲಿ ಬಡಗಿಗಳು ವೇದಿಕೆಗೆ ಹಲಗೆ ಬಡಿಯುತ್ತಿದ್ದರು. ಟೆಂಪಿ ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಕೋಳಿಯ ಪುಕ್ಕ ಕೀಳುತ್ತಿದ್ದಳು. ಹೊಟ್ಟೆ ಅಡ್ಡ ಬರುತ್ತಿದ್ದರಿಂದ ಕೋಳಿಯನ್ನು ಮಗ್ಗುಲಿಗೆ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಮುದುಕಿ ಕೆಟುರಾ ಏಡಿಗಳನ್ನು ತೊಳೆಯುತ್ತಿದ್ದಳು. ಕರ್ನಲ್‌ನ ತಂದೆಯ ಕಾಲದಿಂದಲೂ ಆ ಒಲೆಯ ಮುಂದೆ ಬೆಂದವಳು ಅವಳು. ಟೆಂಪಿಯೂ ಎನಾಕನೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು.

"ಏನಂದ್ರು?" ಟೆಂಪಿ ತಲೆಯೆತ್ತದೆ ಕೇಳಿದಳು.

"ಊಟ ಆದಮೇಲೆ ನೋಡೋಣ ಅಂದ್ರು."

"ಯಾರ ಊಟ? ಈ ಊಟ ಬೇಯಿಸೋಳು ನಾನು, ಬಡಿಸೋಳು ನಾನು. ಅವರು ಉಂಡು, ಹೆಂಡ ಕುಡಿದು, ಸ್ವಾತಂತ್ರ್ಯಕ್ಕೆ ಜೈ ಅಂದು ಮಲಗೋ ಹೊತ್ತಿಗೆ ನಾನು ಪಾತ್ರೆ ತಿಕ್ಕುತಾ ಇರ್ತೀನಿ. ಯಾವಾಗ ನೋಡ್ತಾರಂತೆ?"

"ನನ್ನ ಮೇಲೆ ಯಾಕೆ ರೇಗ್ತೀಯ? ನಾನೇನು ಮಾಡ್ಲಿ?"

"ರೇಗೋಕೆ ಇನ್ಯಾರಿದಾರೆ ನನಗೆ?" ಟೆಂಪಿ ಕೋಳಿಯನ್ನು ಬುಟ್ಟಿಗೆ ಎಸೆದಳು. "ಪ್ರತಿ ವರ್ಷ ಪತ್ರ ಜೇಬಲ್ಲಿಟ್ಕೊಂಡು ಹೋಗ್ತೀಯ, ಹಾಗೇ ವಾಪಸ್ ತರ್ತೀಯ. ನನ್ನ ಕೂಸನ್ನ ನಾಳೆ ಅವರ ಮಗಳಿಗೆ ಮದುವೆ ಉಡುಗೊರೆ ಅಂತ ಕೊಟ್ರೆ, ಆವಾಗ್ಲೂ ಭಾಷೆ ಚೆನ್ನಾಗಿದೆ ಅಂತಾರಾ?"

ಕೆಟುರಾ ಏಡಿಯ ನೀರನ್ನು ಚೆಲ್ಲಿ, "ಮಾತು ಕೊಟ್ಟಿದ್ದು ಯಾರೆದುರು ಮಗಾ?" ಎಂದಳು.

"ನನ್ನೆದುರು."

"ನಿನ್ನೆದುರು ಕೊಟ್ಟ ಮಾತು ನಾಯಿಗೆ ಹಾಕಿದ ಮೂಳೆ ಇದ್ದಂಗೆ. ಯಾವಾಗ ಬೇಕಾದ್ರೂ ಕಿತ್ಕೋಬಹುದು. ಅವರ ಮರ್ಯಾದೆ ಎಲ್ಲಾ ಇರೋದು ಅವರವರ ನಡುವೆ."

ಮುದುಕಿ ಮತ್ತೆ ಏಡಿಗಳ ಕಡೆ ತಿರುಗಿದಳು. ಎನಾಕ್ ಹಿತ್ತಲಿನ ಬೇಲಿಯ ಹತ್ತಿರ ಬಹಳ ಹೊತ್ತು ನಿಂತು, ಬಡಗಿಗಳು ವೇದಿಕೆಗೆ ಬಾವುಟದ ಬಟ್ಟೆ ಸುತ್ತುವುದನ್ನು ನೋಡಿದ.

ಮರುದಿನ ಬೆಳಿಗ್ಗೆ ತೋಪು ಹಾರಿತು, ಚರ್ಚಿನ ಗಂಟೆ ಮೊಳಗಿತು, ತಮಟೆ ಕಹಳೆಗಳ ಮೆರವಣಿಗೆ ಮೈದಾನಕ್ಕೆ ಬಂತು. ಮರಗಳ ನೆರಳಲ್ಲಿ ಉದ್ದುದ್ದ ಮೇಜು ಹಾಕಿದ್ದರು. ಕರ್ನಲ್ ಘೋಷಣೆ ಓದಿದ. ಕಣ್ಣಲ್ಲಿ ನೀರು ಬಂತು, ಕೈ ಮೇಲೆದ್ದಿತು, ಜನ ಟೋಪಿ ಹಾರಿಸಿದರು. ಅದೇ ಹೊತ್ತಿಗೆ ಜನರ ಬೆನ್ನಹಿಂದೆ ಟೆಂಪಿ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಮೇಜಿನ ಮೇಲೆ ನೀರಿನ ಹೂಜಿಗಳನ್ನು ಇಡುತ್ತ ಹೋಗುತ್ತಿದ್ದಳು. ಯಾರೂ ತಿರುಗಿ ನೋಡಲಿಲ್ಲ.

"ಈಗ ನಮ್ಮ ಎನಾಕ್ ನಾಲ್ಕು ಮಾತು ಹೇಳ್ತಾನೆ," ಎಂದ ಕರ್ನಲ್.

ಎನಾಕ್ ವೇದಿಕೆ ಹತ್ತಿದ. ಎದುರಿಗಿದ್ದ ಮುಖಗಳೆಲ್ಲ ಅವನೇ ನುಣುಪು ಮಾಡಿದ ಮುಖಗಳು. ಮುಂದಿನ ಸಾಲಿನಲ್ಲಿ ಪತ್ರಿಕೆಯವನು ಪೆನ್ಸಿಲ್ ಹಿಡಿದು ಕೂತಿದ್ದ. ಒಂದು ಮಾತು ಆಚೀಚೆಯಾದರೂ ಇದೇ ಜನ ತನ್ನನ್ನು ಈ ವೇದಿಕೆಯಿಂದ ಎಳೆದು ಸೆರೆಮನೆಗೆ ತಳ್ಳಬಹುದು. ಅಲ್ಲಿಂದ ಗುಲಾಮರನ್ನು ಕೊಳ್ಳುವ ದಕ್ಷಿಣದ ವ್ಯಾಪಾರಿಗಳ ಕೈಗೆ ದೂರವೇನಿಲ್ಲ. ಅದು ಅವನಿಗೆ ಗೊತ್ತಿತ್ತು.

"ಮಹನೀಯರೇ, ನನಗೆ ಭಾಷಣ ಬರೋದಿಲ್ಲ," ಎಂದು ಶುರುಮಾಡಿದ. "ಕರ್ನಲ್ ದೊರೆಗಳಿಗೆ ಧನ್ಯವಾದ ಹೇಳೋಕೆ ಬಂದಿದೀನಿ. ಮೂರು ವರ್ಷದ ಹಿಂದೆ ಅವರು ನನಗೊಂದು ಮಾತು ಕೊಟ್ರು: ಜುಲೈ ನಾಲ್ಕನೇ ತಾರೀಕು, ದೇಶ ಸ್ವತಂತ್ರವಾದ ದಿನವೇ, ನಿನ್ನ ಹೆಂಡತಿಯನ್ನೂ ಬಿಡುಗಡೆ ಮಾಡ್ತೀನಿ ಅಂತ. ನಿನ್ನೆ ನನ್ನ ಅಂಗಡೀಲಿ ಕೂತು, ಇವತ್ತು ಊಟ ಆದಮೇಲೆ ಸಹಿಯ ವಿಷಯ ನೋಡೋಣ ಅಂದ್ರು. ಆ ಬೆಂಚಲ್ಲಿ ಕೂತಿದ್ದೋರು ಕೇಳಿದಾರೆ. ನಾನು ಸಾಮಾನ್ಯ ಮನುಷ್ಯ, ಊಟದವರೆಗೂ ಸಂತೋಷ ತಡ್ಕೊಳ್ಳೋಕೆ ಆಗ್ಲಿಲ್ಲ. ಮುಂದಿನ ತಿಂಗಳು ನನಗೊಂದು ಕೂಸು ಹುಟ್ಟುತ್ತೆ. ಅದು ಯಾರ ಸೊತ್ತೂ ಆಗದೆ ಹುಟ್ಟುತ್ತೆ. ಇಂಥಾ ಮಾತು ಕೊಟ್ಟ ದೊರೆಗಳಿಗೆ ನಿಮ್ಮೆಲ್ಲರ ಎದುರಿಗೆ ನನ್ನ ನಮಸ್ಕಾರ."

ಕರ್ನಲ್‌ನ ಮುಖದ ನಗು ಅಂಟಿಸಿದ ಹಾಗೆ ನಿಂತಿತ್ತು. ಆಗ ಮುಂದಿನ ಸಾಲಿನಲ್ಲಿದ್ದ ಮುದುಕ ಕ್ಯಾಪ್ಟನ್ ಬೇಲ್ಸ್, ಹರೆಯದಲ್ಲಿ ಇಂಗ್ಲಿಷರ ಮೇಲೆ ಬಂದೂಕು ಹಿಡಿದಿದ್ದವನು, ಕಿವಿಗೆ ಕೈಯಿಟ್ಟು ಪಕ್ಕದವನನ್ನು ಕೂಗಿ ಕೇಳಿದ: "ಏನಂತೆ? ಬಿಡುಗಡೆ ಮಾಡಿದ್ನಾ? ಭಲೇ ಲಾಟಿಮರ್! ಸಹಿ ಎಲ್ಲಿ?"

"ಊಟ ಆದಮೇಲೆ..." ಎಂದ ಕರ್ನಲ್.

"ಊಟ ಆದಮೇಲಾ? ನಾವು ಯುದ್ಧಕ್ಕೆ ಹೊರಟಾಗ ಊಟ ಆದಮೇಲೆ ನೋಡೋಣ ಅಂದಿದ್ರೆ ಇವತ್ತು ನೀನು ಇಂಗ್ಲೆಂಡಿನ ರಾಜನ ಬೂಟು ಒರೆಸ್ತಾ ಇರ್ತಿದ್ದೆ! ಹಾಕಯ್ಯ ಈಗ್ಲೇ! ಸಾಕ್ಷಿ ನಾನು!"

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಆ ಕ್ಯಾಪ್ಟನ್ನಿನ ಮನೆಯಲ್ಲೇ ಇಬ್ಬರು ಗುಲಾಮರಿದ್ದರು. ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನರ ಮನೆಯಲ್ಲೂ ಇದ್ದರು. ಬೇರೆಯವರ ಸೊತ್ತು ಬಿಟ್ಟುಕೊಡುವಾಗ ಮನುಷ್ಯನ ಕೈ ಬಲು ಧಾರಾಳ. ಎನಾಕ್ ಜೇಬಿನಿಂದ ಪತ್ರ ತೆಗೆದು ವೇದಿಕೆಯ ಮೇಜಿನ ಮೇಲೆ ಹರಡಿದ. ಕರ್ನಲ್ ಲೇಖನಿ ಎತ್ತಿಕೊಂಡು, ತುಟಿ ಅಲುಗಿಸದೆ ಹೇಳಿದ: "ಈ ಊರಲ್ಲಿ ನಿನ್ನ ಕುರ್ಚಿ ಮೇಲೆ ಇನ್ನು ಒಬ್ಬ ಬಿಳಿಯನೂ ಕೂತ್ಕೊಳಲ್ಲ, ತಿಳ್ಕೋ."

"ತಿಳೀತು ಧಣಿ. ಸಹಿ ಇಲ್ಲಿ ಕೆಳಗೆ."

ಕರ್ನಲ್ ಸಹಿ ಹಾಕಿದ. ಕ್ಯಾಪ್ಟನ್ನೂ ಪಾದ್ರಿಯೂ ಸಾಕ್ಷಿ ಹಾಕಿದರು. ಜನ ಕರ್ನಲ್‌ನನ್ನು ಹೆಗಲ ಮೇಲೆ ಹೊತ್ತುಕೊಂಡರು. ಉದಾರಿ, ದೇಶಭಕ್ತ ಎಂದೆಲ್ಲ ಕೂಗಿದರು. ಅವನ ಕಣ್ಣಲ್ಲಿ ಮತ್ತೆ ನೀರು ಬಂದದ್ದನ್ನು ಕಂಡು ಎನಾಕನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಶಾಯಿ ಆರಲೆಂದು ಪತ್ರವನ್ನು ಗಾಳಿಗೆ ಬೀಸುತ್ತ ಅಡುಗೆಮನೆಯ ಕಡೆ ಓಡಿದ.

ಒಳಗೆ ಒಲೆಯ ಝಳಕ್ಕೆ ಮುಖ ಸುಡುತ್ತಿತ್ತು. ಕೆಟುರಾ ದೊಡ್ಡ ಬಟ್ಟಲಿಗೆ ಏಡಿಯ ಸಾರು ಬಗ್ಗಿಸುತ್ತಿದ್ದಳು. ಟೆಂಪಿ ಹುರಿದ ಕೋಳಿಯನ್ನು ತಟ್ಟೆಗಳಿಗೆ ಜೋಡಿಸುತ್ತಿದ್ದಳು.

"ಆಯ್ತು," ಎಂದ ಎನಾಕ್. ಅವನಿಗೆ ಉಸಿರು ಸಿಗುತ್ತಿರಲಿಲ್ಲ.

"ಓದು."

ಅವನು ಓದಿದ. ಅವಳು ಸಹಿಯ ಮೇಲೆ ಬೆರಳಿಟ್ಟು ನೋಡಿದಳು. ಬೆರಳಿಗೆ ಶಾಯಿ ಅಂಟಿತು. ಅಳುತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ.

"ಇಷ್ಟೇನಾ? ಇಷ್ಟು ಗೀಚೋಕೆ ಮೂರು ವರ್ಷ ಬೇಕಾಯ್ತಾ?"

ಅವಳು ಏಪ್ರನ್ನಿನ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿದುಹೋಗಿತ್ತು. ಎನಾಕ್ ಹಿಂದಿನಿಂದ ಬಿಚ್ಚಿಕೊಟ್ಟ. ಅದೇ ಹೊತ್ತಿಗೆ ಯಜಮಾನಿ ಮಿಸೆಸ್ ಲಾಟಿಮರ್ ಬಾಗಿಲಲ್ಲಿ ಬಂದು ನಿಂತಳು. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಟೆಂಪಿ! ಅಷ್ಟು ಜನ ಕೂತಿದಾರೆ, ಕೋಳಿ ಎಲ್ಲಿ?"

"ಕೋಳಿ ಇಲ್ಲೇ ಇದೆ ಅಮ್ಮೋರೇ. ನಾನು ಹೊರಟೆ."

"ಹೊರಟೆ ಅಂದ್ರೆ? ಸಹಿ ಆಯ್ತು ಅಂತ ಕೇಳಿದೆ, ಆಗ್ಲಿ, ದೇವರು ಒಳ್ಳೇದು ಮಾಡ್ಲಿ. ಆದ್ರೆ ಊಟ ಬಡಿಸಿ ಹೋಗಬಾರ್ದಾ? ಎಲ್ಲಾ ದಿನ ಬಿಟ್ಟು ಇವತ್ತೇನಾ?"

"ಇವತ್ತಲ್ದೆ ಇನ್ಯಾವತ್ತು ಅಮ್ಮೋರೇ?"

ಯಜಮಾನಿ ಒಂದು ಹೆಜ್ಜೆ ಒಳಗಿಟ್ಟಳು. "ನಾನು ನಿನ್ನ ಮೇಲೆ ಯಾವತ್ತಾದ್ರೂ ಕೈ ಮಾಡಿದೀನಾ? ಜ್ವರ ಬಂದಾಗ ಪಕ್ಕದಲ್ಲಿ ಕೂತು ಔಷಧ ಕುಡಿಸಿದೀನಿ. ನಿನಗೆ ಹೋಗೋ ಮನಸ್ಸಿಲ್ಲ ಅಂತ ತಾನೇ ನಾನು ಸುಮ್ಮನಿದ್ದದ್ದು?"

"ಮನಸ್ಸಿಲ್ಲ ಅಂತ ಯಾರು ಹೇಳಿದ್ರು?"

"ಕರ್ನಲ್ ಹೇಳಿದ್ರು. ಪ್ರತಿ ವರ್ಷ ಕೇಳ್ದಾಗ್ಲೂ ನೀನೇ ಬೇಡ ಅಂದೆ ಅಂತ."

ಟೆಂಪಿ ಎನಾಕನ ಕಡೆ ತಿರುಗಿದಳು. ಎನಾಕ್ ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ. "ನಮಗೆ ಬೇರೆ ಥರ ಹೇಳಿದ್ರು ಅಮ್ಮೋರೇ. ನಿನ್ನೆ ಕೂಡ ಹೇಳಿದ್ರು. ನನಗೇನೂ ಅಡ್ಡಿಯಿಲ್ಲ, ನಮ್ಮ ಮನೆಯವಳೇ ಬಿಡಲ್ಲ ಅಂತಾಳೆ, ಅಂತ."

ಒಲೆಯಲ್ಲಿ ಸೌದೆ ಚಟಚಟ ಸಿಡಿಯಿತು. ಯಜಮಾನಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮೈದಾನದಲ್ಲಿ ಯಾರೋ ಸ್ವಾತಂತ್ರ್ಯದ ಹೆಸರಲ್ಲಿ ಲೋಟ ಎತ್ತಿ ಕೂಗಿದರು, ನೂರಾರು ಗಂಟಲು ಜೈ ಎಂದವು.

"ಹಾಗಾದ್ರೆ ಅವರು ನಮ್ಮಿಬ್ಬರಿಗೂ ಸುಳ್ಳು ಹೇಳಿದ್ರು," ಎಂದಳು ಯಜಮಾನಿ, ಮೆಲ್ಲಗೆ.

"ಅವರು ಸುಳ್ಳು ಹೇಳಿದ್ರು, ಸರಿ," ಎಂದಳು ಟೆಂಪಿ. "ಆದ್ರೆ ನೀವು ನನ್ನನ್ನ ಒಂದು ಸಲ ಕೇಳಬಹುದಿತ್ತು. ದಿನಾ ಬೆಳಿಗ್ಗೆ ಇಲ್ಲಿಗೆ ಬಂದು ಇವತ್ತೇನು ಅಡುಗೆ ಅಂತ ಕೇಳ್ತಿದ್ರಿ. ಅದೇ ಬಾಯಲ್ಲಿ ಇದನ್ನೂ ಕೇಳಬಹುದಿತ್ತು."

ಟೆಂಪಿ ಏಪ್ರನ್ ಮಡಿಸಿ ಮೇಜಿನ ಮೇಲಿಟ್ಟು, ಕೆಟುರಾಳ ಮುಂದೆ ಹೋಗಿ ನಿಂತಳು. ಎನಾಕನಿಗೆ ಆಗ ಹೊಳೆಯಿತು. ಹೆಂಡತಿಯ ಒಂದು ಪತ್ರಕ್ಕಾಗಿ ಮೂರು ವರ್ಷ ಓಡಾಡಿದವನು, ಮುದುಕಿಯ ಪತ್ರ ಎಲ್ಲಿ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಗೆ ಅವನ ಕಿವಿ ಬಿಸಿಯಾಯಿತು.

"ದೊಡ್ಡಮ್ಮಾ, ಇಷ್ಟೊಂದು ನೀನೊಬ್ಬಳೇ ಹೇಗೆ..."

"ನಡಿ, ನಡಿ. ನಿಂತ್ಕೊಂಡೆ ಅಂದ್ರೆ ಸೌಟಲ್ಲಿ ಬಾರಿಸ್ತೀನಿ," ಎಂದಳು ಕೆಟುರಾ. "ಅಟ್ಟದಲ್ಲಿ ನಿನ್ನ ಗಂಟು ಇದೆ, ತಗೋ. ಕೂಸಿಗೆ ಅಂತ ನಾನು ಹೊಲಿದ ಹೊದಿಕೆ ಅದರ ಕೆಳಗಿದೆ, ಮರೀಬೇಡ."

ಟೆಂಪಿ ಒಂದೊಂದೇ ಮೆಟ್ಟಿಲು ಹಿಡಿದುಕೊಂಡು ಅಟ್ಟಕ್ಕೆ ಹತ್ತಿದಳು. ಎನಾಕ್ ಹೊರಗೆ ಅಂಗಳದಲ್ಲಿ ಕಾದು ನಿಂತ. ನಾಳೆಯಿಂದ ಅಂಗಡಿಗೆ ಯಾರೂ ಬರುವುದಿಲ್ಲ. ಫಿಲಡೆಲ್ಫಿಯಾದಲ್ಲಿರುವ ಭಾವನ ಮನೆಯೇ ಗತಿ. ಹೊಟ್ಟೆ ಹೊತ್ತ ಹೆಂಡತಿಯನ್ನು ದೋಣಿಯಲ್ಲಿ ಅಷ್ಟು ದೂರ ಹೇಗೆ ಕರೆದೊಯ್ಯುವುದೆಂದು ಲೆಕ್ಕ ಹಾಕುತ್ತಿದ್ದವನಿಗೆ ತೆರೆದ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಮೈದಾನದ ಕಡೆಯಿಂದ ಕರ್ನಲ್‌ನ ದನಿ ಬಂತು. "ಎಲ್ಲಿ ಊಟ? ಏನು ಮಾಡ್ತಿದೀರಿ ಅಲ್ಲಿ?"

ಯಜಮಾನಿ ಆ ಕಡೆ ನೋಡಿದಳು. ರೇಷ್ಮೆಯ ತೋಳುಗಳನ್ನು ಮೇಲಕ್ಕೆ ಸರಿಸಿ ಸಾರಿನ ಬಟ್ಟಲನ್ನು ತಾನೇ ಎತ್ತಿದಳು. ಅಭ್ಯಾಸವಿಲ್ಲದ ಕೈ, ಬಟ್ಟಲು ಒಂದು ಕಡೆಗೆ ವಾಲಿತು. ಎರಡು ಹೆಜ್ಜೆ ನಡೆದವಳು ನಿಂತುಬಿಟ್ಟಳು.

"ಕೆಟುರಾ."

"ಅಮ್ಮೋರೇ."

"ನಿನ್ನನ್ನೂ ಯಾರೂ ಕೇಳಿಲ್ಲ ಅಲ್ವಾ?"

ಕೆಟುರಾ ಸೌಟನ್ನು ಕೆಳಗಿಟ್ಟಳು. ಒಲೆಯ ಪಕ್ಕದ ಮುಕ್ಕಾಲಿಯ ಮೇಲೆ, ಯಜಮಾನಿ ನಿಂತಿರುವಾಗಲೇ, ಸೊಂಟ ಹಿಡಿದುಕೊಂಡು ಕೂತಳು. ಅವಳು ಹಾಗೆ ಕೂತದ್ದನ್ನು ಎನಾಕ್ ಎಂದೂ ಕಂಡಿರಲಿಲ್ಲ.

"ಮೊದಲು ಆ ಬಟ್ಟಲು ನೆಟ್ಟಗೆ ಹಿಡ್ಕೊಳಿ, ಸಾರು ಚೆಲ್ಲುತ್ತೆ. ಕೊಟ್ಟು ಬನ್ನಿ. ನಂದು ನಿಂತ ನಿಲುವಿನಲ್ಲಿ ಮುಗಿಯೋ ಮಾತಲ್ಲ. ನನ್ನ ಮೂರು ಮಕ್ಕಳನ್ನ ನಿಮ್ಮ ಮಾವನೋರು ಯಾವ ಊರಿಗೆ ಮಾರಿದ್ರು ಅನ್ನೋದರಿಂದ ಶುರುವಾಗಬೇಕು."

ಟೆಂಪಿ ಗಂಟು ಹಿಡಿದು ಕೆಳಗಿಳಿದು ಬಂದಳು. ಎನಾಕ್ ಅದನ್ನು ತೆಗೆದುಕೊಂಡು ಹಿತ್ತಲ ದಾರಿಗೆ ತಿರುಗಿದ. ಅವಳು ಅವನ ತೋಳು ಹಿಡಿದು ದೊಡ್ಡ ಮನೆಯ ಮುಂದಿನ ಗೇಟಿನ ಕಡೆಗೆ ಎಳೆದಳು. ಮೈದಾನದ ಅಂಚಿನಲ್ಲಿ ನಿಧಾನವಾಗಿ ನಡೆಯುತ್ತ ಅವನೊಮ್ಮೆ ಹಿಂದಿರುಗಿ ನೋಡಿದ. ಮೇಜುಗಳಲ್ಲಿ ಜನ ಚಮಚದಿಂದ ತಟ್ಟೆ ಬಡಿಯುತ್ತಿದ್ದರು, ಕರ್ನಲ್ ಹಣೆಯ ಬೆವರು ಒರೆಸಿಕೊಳ್ಳುತ್ತ ಎಲ್ಲರನ್ನೂ ಸಮಾಧಾನಪಡಿಸುತ್ತಿದ್ದ. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಯಜಮಾನಿ ಬಟ್ಟಲನ್ನು ಮತ್ತೆ ಮೇಜಿನ ಮೇಲಿಟ್ಟು, ಇನ್ನೊಂದು ಮುಕ್ಕಾಲಿ ಎಳೆದುಕೊಂಡು, ಮುದುಕಿಯ ಎದುರು ಕೂತಿದ್ದಳು.